ಹೊಸ್ತಿಲಿನಾಚೆಯ ನಾಯಿ

ತಿಪಟೂರಿನಿಂದ ಹೊನ್ನವಳ್ಳಿಯ ಕಡೆಗೆ ಹೊರಟವರಿಗೆ ದಾರಿಯುದ್ದಕ್ಕೂ ಕಾಣುವುದು ತೆಂಗು. ತೆಂಗಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಮನೆಯ ಮುಂದೆ ಒಂದು ನಾಯಿ. ಬಾವಿಯಿಲ್ಲದ ತೋಟವನ್ನು ಹೇಗೋ ಹಾಗೆಯೇ ನಾಯಿಯಿಲ್ಲದ ತೋಟವನ್ನೂ ಆ ಸೀಮೆಯ ಹಿರಿಯರು ಊಹಿಸಲಾರರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉಂಡೆಕೊಬ್ಬರಿಯೆಂದರೆ ಮರದಿಂದ ಇಳಿದ ಕೂಡಲೇ ಕೈಗೆ ಬರುವ ಸಂಪತ್ತಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಕರಟದಿಂದ ತಾನಾಗಿ ಬಿಡಿಸಿಕೊಳ್ಳುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಆ ಅಟ್ಟವೇ ಮನೆಯ ಬ್ಯಾಂಕು. ಬ್ಯಾಂಕಿಗೆ ಕಾವಲು ಬೇಡವೆ?

ಆ ಕಾವಲುಗಾರನ ಸ್ಥಾನಮಾನಗಳೂ ನಿಶ್ಚಿತವಾಗಿದ್ದುವು. ಹಗಲು ಜಗಲಿಯ ಕೆಳಗೆ, ಮಧ್ಯಾಹ್ನ ಕೊಟ್ಟಿಗೆಯ ನೆರಳಿನಲ್ಲಿ, ರಾತ್ರಿ ಅಟ್ಟದ ಬುಡದಲ್ಲಿ. ಮನೆಯವರು ಉಂಡೆದ್ದ ಮೇಲೆ ಉಳಿದ ರಾಗಿಮುದ್ದೆ, ಮಜ್ಜಿಗೆ. ಹೊಸ್ತಿಲನ್ನು ಮಾತ್ರ ಅದು ದಾಟುವಂತಿರಲಿಲ್ಲ. ನಾಯಿಯನ್ನು ಸಾಕಬೇಕೆ, ಬೇಡವೆ ಎಂಬ ಪ್ರಶ್ನೆಯೇ ಅಂಥ ಮನೆಗಳಲ್ಲಿ ಹುಟ್ಟುತ್ತಿರಲಿಲ್ಲ. ಹಳೆಯದು ಸತ್ತಿತೆಂದರೆ ಪಕ್ಕದ ತೋಟದಿಂದ ಹೊಸ ಮರಿಯೊಂದು ಬುಟ್ಟಿಯಲ್ಲಿ ಕುಳಿತು ಬರುತ್ತಿತ್ತು, ಅಷ್ಟೆ.

ಈಗ ಆ ಪ್ರಶ್ನೆ ಹುಟ್ಟಿದೆ. ಅದನ್ನು ಹುಟ್ಟಿಸಿದವರು ಬೆಂಗಳೂರಿನಿಂದ ಬೇಸಗೆಯ ರಜೆಗೆ ಬರುವ ಮೊಮ್ಮಕ್ಕಳು.

ಅಂಥ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಹೆಸರು ಬೇಕಾಗಿಲ್ಲ, ಇಂಥ ಮನೆಗಳು ಒಂದೆರಡಲ್ಲ. ಎಂಟು ವರ್ಷದ ಹುಡುಗಿ. ಚಳಿಗಾಲ ಬಂದರೆ ಸೀನು, ಸೀನಿನ ಬೆನ್ನಿಗೆ ಕೆಮ್ಮು, ಕೆಮ್ಮಿನ ಬೆನ್ನಿಗೆ ಎದೆಯಲ್ಲಿ ಸಿಳ್ಳೆಯ ಸದ್ದು. ತಾಯಿಯ ಕೈಚೀಲದಲ್ಲಿ ಬಾಚಣಿಗೆ ಮರೆತರೂ ಇನ್‌ಹೇಲರ್ ಮರೆಯುವುದಿಲ್ಲ. ತೋಟದ ನಾಯಿ ಈ ಸಲ ನಾಲ್ಕು ಮರಿ ಹಾಕಿದೆ. ಹುಡುಗಿ ಒಂದನ್ನು ಎದೆಗವಚಿಕೊಂಡು ಜಗಲಿಯ ಮೇಲೆ ಕುಳಿತಿದ್ದಾಳೆ.

“ತಾತ, ಇದನ್ನ ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ.”

“ಬೇಡ ಮಾವ, ನೀವಾದರೂ ಹೇಳಿ. ಹೋದ ವರ್ಷ ಇಲ್ಲಿಂದ ಹೋದ ಮೇಲೆ ಹದಿನೈದು ದಿನ ಕೆಮ್ಮಿದಳು. ಅವಳಿಗೆ ನಾಯಿ ಒಗ್ಗೋದಿಲ್ಲ.”

“ನಮ್ಮ ಕಾಲದಲ್ಲಿ ಯಾರಿಗಮ್ಮ ನಾಯಿ ಒಗ್ಗದೆ ಹೋಗಿದ್ದು? ಇವಳಪ್ಪ ಇದೇ ಜಗಲಿ ಮೇಲೆ, ನಾಯಿ ಮಗ್ಗುಲಲ್ಲೇ ಬಿದ್ದುಕೊಂಡು ಬೆಳೆದೋನು.”

“ಈ ಮರಿ ಬೇಡಪ್ಪ. ಕೂದಲೇ ಉದುರದ ಜಾತಿ ನಾಯಿ ಬೆಂಗಳೂರಲ್ಲೇ ಸಿಗುತ್ತಂತೆ. ಸ್ವಲ್ಪ ದುಬಾರಿ, ಆದರೆ ಅಲರ್ಜಿ ಇರೋ ಮಕ್ಕಳಿಗೂ ಏನೂ ಆಗೋದಿಲ್ಲವಂತೆ.”

ಮೂವರು ದೊಡ್ಡವರು, ಮೂರು ಅಭಿಪ್ರಾಯಗಳು. ಮೂರರಲ್ಲಿಯೂ ಸ್ವಲ್ಪ ಸತ್ಯವಿದೆ. ಆ ಸ್ವಲ್ಪವೇ ಪೂರ್ಣವೆಂದು ನಂಬಿ ನಡೆದ ಮನೆಗಳಲ್ಲಿ ದಂಡ ತೆತ್ತವರು ಮಾತ್ರ ಈ ಮೂವರಲ್ಲ. ಒಂದೋ ಮಗು, ಇಲ್ಲವೇ ನಾಯಿ.

ಅಲರ್ಜಿ ಎಂಬ ಮಾತು ಇಂದು ಹಳ್ಳಿಯ ಅಂಗಡಿ ಕಟ್ಟೆಯ ಮೇಲೂ ಕೇಳಿಬರುತ್ತದೆಯಾದರೂ ಅದಕ್ಕೆ ನೂರಿಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಆಯುಸ್ಸೇನೂ ಆಗಿಲ್ಲ. ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಅದನ್ನು ಗ್ರೀಕ್ ಪದಗಳಿಂದ ಕಟ್ಟಿದನು. ಅದರ ತಿರುಳನ್ನು ತಿಳಿಯಲು ಗ್ರೀಕ್ ಭಾಷೆ ಬರಬೇಕಾಗಿಲ್ಲ, ತೋಟದ ನಾಯಿಯನ್ನು ಕಂಡಿದ್ದರೆ ಸಾಕು. ಕಳ್ಳನನ್ನು ಕಂಡು ಬೊಗಳುವುದು ಕಾವಲು ನಾಯಿಯ ಧರ್ಮ. ಆದರೆ ಕೆಲವು ನಾಯಿಗಳು ಹಬ್ಬಕ್ಕೆ ಬಂದ ನೆಂಟನನ್ನೂ ಕಳ್ಳನೆಂದೇ ತಿಳಿದು ಊರೆಲ್ಲ ಕೇಳುವಂತೆ ಬೊಗಳಿ, ಸರಪಳಿ ಕಿತ್ತು, ಅವನ ಪಂಚೆಯನ್ನು ಹರಿದುಹಾಕುತ್ತವೆ. ನೆಂಟನಿಂದ ಮನೆಗೆ ಯಾವ ಹಾನಿಯೂ ಇರಲಿಲ್ಲ. ಹಾನಿಯೆಲ್ಲ ಕಾವಲುಗಾರನ ಆರ್ಭಟದಿಂದಲೇ ಆದದ್ದು. ಶರೀರದ ಒಳಗಿನ ಕಾವಲುಪಡೆಯೂ ಕೆಲವರಲ್ಲಿ ಹೀಗೆಯೇ ವರ್ತಿಸುತ್ತದೆ. ಹೂವಿನ ಪರಾಗ, ದೂಳು, ನಾಯಿಯ ಮೈಯಿಂದ ಬಂದ ಒಂದು ಕಣ ಇವು ನಿರುಪದ್ರವಿಗಳೆಂಬುದನ್ನು ಅರಿಯದೆ, ಮೂಗು ಸುರಿಸಿ, ಕಣ್ಣು ಕೆರಳಿಸಿ, ಶ್ವಾಸನಾಳವನ್ನೇ ಬಿಗಿಹಿಡಿದು ಯುದ್ಧ ಹೂಡುತ್ತದೆ.

ಮೊದಲು ತಂದೆಯ ಮಾತನ್ನು ವಿಚಾರಿಸಬಹುದು, ಏಕೆಂದರೆ ಅದೇ ಎಲ್ಲಕ್ಕಿಂತ ಹೆಚ್ಚು ಹಣ ಕೇಳುವ ಮಾತು.

ನಾಯಿಯ ಕೂದಲೇ ಅಪರಾಧಿಯೆಂಬುದು ಜನಜನಿತವಾದ ನಂಬಿಕೆ. ವಾಸ್ತವದಲ್ಲಿ ಕೂದಲು ಬರಿಯ ವಾಹನ; ಸವಾರನೇ ಬೇರೆ. ನಾಯಿಯ ಜೊಲ್ಲಿನಲ್ಲಿ, ಚರ್ಮದಿಂದ ಉದುರುವ ಕಣ್ಣಿಗೆ ಕಾಣದಂಥ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಕೆಲವು ಪ್ರೋಟೀನುಗಳೇ ಉಪದ್ರವಕ್ಕೆ ಕಾರಣ. ವಿಜ್ಞಾನಿಗಳು ಇವುಗಳಿಗೆ ಕ್ಯಾನ್ ಎಫ್ 1, ಕ್ಯಾನ್ ಎಫ್ 2 ಎಂದು ಅಂಕಿಗಳನ್ನು ಕೊಟ್ಟು ಕರೆಯುತ್ತಾರೆ. ನಾಯಿ ತನ್ನ ಮೈಯನ್ನು ನೆಕ್ಕಿಕೊಳ್ಳುತ್ತದೆ, ಜೊಲ್ಲು ಕೂದಲಿನ ಮೇಲೆ ಒಣಗುತ್ತದೆ, ಒಣಗಿದ್ದು ಹುಡಿಯಾಗಿ ಗಾಳಿಗೆ ಸೇರುತ್ತದೆ. ಗುಂಗುರು ಕೂದಲಿನ ನಾಯಿಯೂ ನೆಕ್ಕಿಕೊಳ್ಳುತ್ತದೆ. ಬೋಳು ಮೈಯ ನಾಯಿಗೂ ಚರ್ಮವಿದೆ.

ಕೂದಲು ಉದುರದ ನಾಯಿಯ ಕನಸು ವ್ಯಾಪಾರವಾಗಿ ಬೆಳೆದ ಕಥೆಯೇ ಒಂದು ಪಾಠ. ಆಸ್ಟ್ರೇಲಿಯದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ಸಿದ್ಧಪಡಿಸುವ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಎಂಬಾತನಿಗೆ ಹವಾಯಿ ದ್ವೀಪದ ಮಹಿಳೆಯೊಬ್ಬಳಿಂದ ಕೋರಿಕೆ ಬಂದಿತು. ಆಕೆಗೆ ಕಣ್ಣಿಲ್ಲ, ನಾಯಿ ಬೇಕು. ಆಕೆಯ ಗಂಡನಿಗೆ ನಾಯಿ ಒಗ್ಗದು. ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲ್ ಜಾತಿಗಳನ್ನು ಕೂಡಿಸಿ 1989ರ ಸುಮಾರಿಗೆ ಮರಿಗಳನ್ನು ಪಡೆದು, ಅವುಗಳ ಕೂದಲನ್ನೂ ಜೊಲ್ಲನ್ನೂ ಹವಾಯಿಗೆ ಕಳುಹಿಸಿ ಪರೀಕ್ಷಿಸಿದ ಮೇಲೆ ಒಂದು ಮರಿಯನ್ನು ಆರಿಸಿದನು. ಒಂದೇ ಸೂಲಿನ ಮರಿಗಳಲ್ಲಿಯೂ ಎಲ್ಲವೂ ಆ ಗಂಡನಿಗೆ ಒಗ್ಗಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಆದರೆ ಲೋಕಕ್ಕೆ ಆ ಸಂಗತಿ ಬೇಕಾಗಲಿಲ್ಲ, ಲ್ಯಾಬ್ರಡೂಡಲ್ ಎಂಬ ಹೆಸರು ಮಾತ್ರ ಸಾಕಾಯಿತು. ಮರಿ ಮಾರುವವರು ದೇಶದೇಶಗಳಲ್ಲಿ ಎದ್ದರು. ತಾನು ಮಾಡಿದ್ದಕ್ಕೆ ಪಶ್ಚಾತ್ತಾಪವಾಗಿದೆಯೆಂದು ಕಾನ್ರನ್ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡನು. ಅಮೆರಿಕದ ಅಧ್ಯಕ್ಷ ಒಬಾಮರ ಹಿರಿಯ ಮಗಳಿಗೆ ಅಲರ್ಜಿಯಿದ್ದುದರಿಂದ 2009ರಲ್ಲಿ ಅವರ ಮನೆಗೆ ಪೋರ್ಚುಗೀಸ್ ನೀರುನಾಯಿಯ ಜಾತಿಯ ಮರಿಯೊಂದು ಬಂದಿತು. ಪತ್ರಿಕೆಗಳಲ್ಲಿ ಅದರ ಚಿತ್ರ ಬಂದ ಮೇಲಂತೂ ಈ ನಂಬಿಕೆಗೆ ಸಿಂಹಾಸನವೇ ದೊರೆತಂತಾಯಿತು.

ವಿಜ್ಞಾನಿಗಳು ಅಳೆದು ನೋಡಿದಾಗ ತೋರಿದ್ದು ಬೇರೆ. ಡೆಟ್ರಾಯಿಟಿನ ಸಂಶೋಧಕರು 2011ರಲ್ಲಿ ನಾಯಿಗಳಿರುವ ಮನೆಗಳ ದೂಳನ್ನು ಪರೀಕ್ಷಿಸಿ, ‘ಒಗ್ಗುವ’ ಜಾತಿಯ ನಾಯಿಯ ಮನೆಗೂ ಇತರ ಮನೆಗೂ ಅಂತರವಿಲ್ಲವೆಂದು ವರದಿ ಮಾಡಿದರು. ಮರುವರ್ಷ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ, ನಿರಪಾಯಕಾರಿಗಳೆಂದು ಹೆಸರಾದ ಜಾತಿಗಳ ಕೂದಲಿನಲ್ಲಿಯೇ ಕ್ಯಾನ್ ಎಫ್ 1ರ ಪ್ರಮಾಣ ಹೆಚ್ಚಾಗಿ ಕಂಡುಬಂದಿತು. ನಾಯಿ ನಾಯಿಗೆ ವ್ಯತ್ಯಾಸವುಂಟು. ಜಾತಿಯನ್ನು ನೋಡಿ ಆ ವ್ಯತ್ಯಾಸವನ್ನು ಹೇಳಲಾಗದು.

ಸ್ವದೇಶಾಭಿಮಾನಿಗಳು ಇಲ್ಲಿ ಮುಧೋಳದ ನಾಯಿಯನ್ನು ನೆನೆದಾರು. ಅಭಿಮಾನಕ್ಕೆ ಕಾರಣವಿದೆ. 2005ರಲ್ಲಿ ಭಾರತದ ಅಂಚೆ ಚೀಟಿಯ ಮೇಲೆ ಮೂಡಿದ ಜಾತಿ ಅದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವಿದೆ. ಭಾರತದ ಸೈನ್ಯವೂ ಅದನ್ನು ತರಬೇತಿಗೆ ತೆಗೆದುಕೊಂಡಿದೆ. ತೆಳ್ಳನೆಯ ಮೈ, ಗಿಡ್ಡ ಕೂದಲು, ನಮ್ಮ ಹವೆಗೆ ಹೊಂದಿದ ಜೀವ. ಅಷ್ಟಾದರೂ ಕೂದಲು ಗಿಡ್ಡವಾದುದರಿಂದ ಜೊಲ್ಲು ಕಡಿಮೆಯಾಗಲಿಲ್ಲ. ಓಡಲು ಹುಟ್ಟಿದ ಆ ಪ್ರಾಣಿಯನ್ನು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವುದು ಬೇರೆಯೇ ಒಂದು ಅನ್ಯಾಯ, ಅದನ್ನಿಲ್ಲಿ ಬೆಳೆಸುವುದು ಬೇಡ.

ಇನ್ನು ತಾತನ ಮಾತು. ನಗರದವರು ಇಂಥ ಮಾತನ್ನು ಕೇಳಿ ನಗುವುದುಂಟು, ನಗಬೇಕಾಗಿಲ್ಲ. ಸ್ವೀಡನ್ ದೇಶದಲ್ಲಿ ಲಕ್ಷಗಟ್ಟಲೆ ಮಕ್ಕಳ ದಾಖಲೆಗಳನ್ನು ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಟ್ಟಿದ ಮೊದಲ ವರ್ಷದಲ್ಲಿಯೇ ಮನೆಯಲ್ಲಿ ನಾಯಿಯಿದ್ದ ಮಕ್ಕಳಿಗೆ ಶಾಲೆಗೆ ಸೇರುವ ವಯಸ್ಸಿನಲ್ಲಿ ಆಸ್ತಮಾ ಇರುವ ಸಂಭವ ನೂರಕ್ಕೆ ಸುಮಾರು 13ರಷ್ಟು ಕಡಿಮೆ. ದನಕರುಗಳ ನಡುವೆ ಬೆಳೆದವರಿಗಂತೂ ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆ. ಕೊಟ್ಟಿಗೆ, ಜಗಲಿ, ನಾಯಿ ಇವುಗಳ ಮಧ್ಯೆ ಬೆಳೆದ ಮಗನ ಆರೋಗ್ಯಕ್ಕೆ ಅವು ನೆರವಾಗಿರಬಹುದೆಂದು ತಾತ ಎಣಿಸಿದರೆ ಅದು ತೀರ ಹುರುಳಿಲ್ಲದ ಮಾತಲ್ಲ. ಒಂದರೊಡನೊಂದು ಕಂಡಿತೆಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತೆನ್ನಲಾಗದೆಂಬ ತರ್ಕ ಇದ್ದೇ ಇದೆ.

ತಾತ ಮರೆತದ್ದು ಕಾಲವನ್ನು. ಎಳೆಯ ಕೂಸಿನ ಶರೀರ ಕಲಿಯುವ ಶರೀರ. ಎಂಟು ವರ್ಷದ ಮೊಮ್ಮಗಳ ಶರೀರ ಈಗಾಗಲೇ ಕಲಿತುಬಿಟ್ಟಿದೆ, ಅದೂ ತಪ್ಪಾಗಿ. ಒಮ್ಮೆ ನೆಂಟನನ್ನು ಕಳ್ಳನೆಂದು ಗುರುತಿಟ್ಟುಕೊಂಡ ನಾಯಿಯ ಮುಂದೆ ಅದೇ ನೆಂಟನನ್ನು ದಿನದಿನವೂ ತಂದು ನಿಲ್ಲಿಸಿದರೆ ಅದು ಸುಮ್ಮನಾಗಲೂಬಹುದು, ಮೇಲೆ ಹಾರಲೂಬಹುದು. ‘ಕೂಡಿಸಿದರೆ ತಾನೇ ರೂಢಿಯಾಗುತ್ತದೆ’ ಎಂಬ ಧೈರ್ಯದಿಂದ ಉಬ್ಬಸದ ಮಗುವಿನ ಹಾಸಿಗೆಯ ಪಕ್ಕಕ್ಕೆ ಮರಿಯನ್ನು ತರುವುದು ಔಷಧವಲ್ಲ, ಜೂಜು. ಪಣವಾಗಿರುವುದು ಮಗುವಿನ ಉಸಿರು.

ಹಾಗಾದರೆ ತಾಯಿಯ ಮಾತೇ ಸರಿಯೆ? ಅದಕ್ಕೂ ಒಂದು ಅಡ್ಡಪ್ರಶ್ನೆಯಿದೆ. ಮಗು ಕೆಮ್ಮಿದ್ದು ನಿಜ. ತೋಟದಲ್ಲಿ ನಾಯಿ ಇದ್ದದ್ದೂ ನಿಜ. ಆದರೆ ತೋಟದಲ್ಲಿ ಇದ್ದದ್ದು ನಾಯಿಯೊಂದೇ ಅಲ್ಲವಲ್ಲ! ಅಟ್ಟದ ಕಾಯಿಗೆ ಹಾಕುವ ಹೊಗೆ ಇತ್ತು. ಕೊಬ್ಬರಿ ಸುಲಿಯುವಾಗ ಮಟ್ಟೆಯಿಂದ ಏಳುವ, ಗಂಟಲಿಗೆ ಹೋಗಿ ಅಂಟುವ ಕೆಂದೂಳು ಇತ್ತು. ಸರಿಯಾಗಿ ಒಣಗದೆ ಕೆಟ್ಟ ಕಾಯಿಯೊಳಗೆ ಬೂಷ್ಟು ಇತ್ತು. ವರ್ಷದಲ್ಲಿ ಎರಡು ಸಲ ಮಾತ್ರ ಬಿಚ್ಚುವ ಹಾಸಿಗೆಯ ಸುರುಳಿ ಇತ್ತು. ಅದರೊಳಗೆ ಬರಿಗಣ್ಣಿಗೆ ಕಾಣದ ದೂಳುನುಸಿಗಳ ಸಂಸಾರವಿತ್ತು. ಈ ನುಸಿ ಅಲರ್ಜಿಯ ಕಾರಣಗಳಲ್ಲಿ ನಾಯಿಗಿಂತ ಎಷ್ಟೋ ಮೇಲಿನ ಸ್ಥಾನದಲ್ಲಿದೆ. ಮೊಮ್ಮಗಳು ಬರುತ್ತಾಳೆಂದು ಅಜ್ಜಿ ಪ್ರೀತಿಯಿಂದ ಹಾಸಿದ ಹಾಸಿಗೆಯೇ ಅವಳ ಎದೆಯನ್ನು ಬಿಗಿಹಿಡಿದಿರಬಾರದೇಕೆ? ಬೇಲಿಯ ಬದಿಯಲ್ಲಿ ಪಾರ್ಥೇನಿಯಂ ಇತ್ತು. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡು, ‘ಕಾಂಗ್ರೆಸ್ ಗಿಡ’ವೆಂಬ ಹೆಸರಿನಿಂದ ಕರ್ನಾಟಕದ ಬಯಲುಗಳನ್ನೆಲ್ಲ ಆಕ್ರಮಿಸಿದ ಈ ಕಳೆ ಮುಟ್ಟಿದರೆ ಚರ್ಮಕ್ಕೆ, ಪರಾಗ ಹಾರಿದರೆ ಮೂಗಿಗೆ ಶತ್ರು.

ಇಷ್ಟು ಮಂದಿ ಆರೋಪಿಗಳ ನಡುವೆ ಮಾತು ಬಾರದ ನಾಯಿ ಸುಲಭವಾಗಿ ಅಪರಾಧಿಯಾಯಿತು, ಅಷ್ಟೆ.

ಇನ್ನು ಬೆಂಗಳೂರಿನ ಮಾತು. ಮಕ್ಕಳ ಶ್ವಾಸರೋಗಗಳ ತಜ್ಞರಾದ ಡಾ. ಎಚ್. ಪರಮೇಶ್ ಅವರು ಅಲ್ಲಿ 1979ರಿಂದ 1999ರವರೆಗೆ ಐದೈದು ವರ್ಷಗಳಿಗೊಮ್ಮೆ, ಒಟ್ಟು 20,000 ಮಕ್ಕಳನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಿ ಲೆಕ್ಕವಿಟ್ಟರು. ಆರಂಭದಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಆಸ್ತಮಾ, ಇಪ್ಪತ್ತು ವರ್ಷಗಳಲ್ಲಿ ನೂರಕ್ಕೆ 29.5ಕ್ಕೆ ಏರಿತ್ತು. ಆಸ್ಪತ್ರೆಯ ಲೆಕ್ಕವಾದುದರಿಂದ ಅದು ಇಡೀ ನಗರದ ಮಕ್ಕಳ ಲೆಕ್ಕವಲ್ಲವೆಂಬುದು ಸರಿ. ಏರಿದ ರೀತಿಯಂತೂ ಸ್ಪಷ್ಟ. ಆ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಹೆಚ್ಚಿದ್ದು ಏನು, ಹೊಗೆಯೇ ನಾಯಿಯೇ ಎಂಬುದನ್ನು ಅಲ್ಲಿ ಬಾಳಿದವರಿಗೆ ಹೇಳಿಕೊಡಬೇಕಾಗಿಲ್ಲ.

ಆದುದರಿಂದ ಮರಿಯನ್ನು ತರುವ ಮೊದಲು ಮಾಡಬೇಕಾದ ಕೆಲಸ, ಮಗುವಿಗೆ ಒಗ್ಗದಿರುವುದು ಯಾವುದೆಂದು ತಿಳಿಯುವುದು. ಕ್ರಮ ತಿರುಗುಮುರುಗಾಗುವುದರಿಂದಲೇ ಬಹುಪಾಲು ದುಃಖ. ಮೊದಲು ಮರಿ, ಆಮೇಲೆ ಸೀನು, ಆಮೇಲೆ ವೈದ್ಯರು, ಕೊನೆಗೆ ಮಗುವಿನ ಕಣ್ಣೀರಿನ ನಡುವೆ ಮರಿಯ ವಿಸರ್ಜನೆ, ಹೀಗೆ ನಡೆಯುವ ಮನೆಗಳೇ ಹೆಚ್ಚು.

ಪರೀಕ್ಷೆ ಕಷ್ಟದ್ದಲ್ಲ. ಮುಂಗೈಯ ಒಳಬದಿಯ ಮೇಲೆ ದೂಳುನುಸಿ, ಪರಾಗ, ಬೂಷ್ಟು, ಜಿರಲೆ, ಬೆಕ್ಕು, ನಾಯಿ ಇವುಗಳ ಸಾರವನ್ನು ಒಂದೊಂದು ಹನಿ ಇಟ್ಟು, ಸೂಜಿಯ ಮೊನೆಯಿಂದ ಚರ್ಮದ ಮೇಲ್ಪದರವನ್ನು ಮುಟ್ಟಿಸುತ್ತಾರೆ. ಕಾಲು ಗಂಟೆಯಲ್ಲಿ, ಒಗ್ಗದ ಹನಿಯಿದ್ದ ಕಡೆ ಸೊಳ್ಳೆ ಕಚ್ಚಿದಂತೆ ದದ್ದು ಏಳುತ್ತದೆ. ಅಲರ್ಜಿಯ ಮಾತ್ರೆಗಳನ್ನು ನುಂಗುತ್ತಿರುವ ಮಗುವಾದರೆ ವೈದ್ಯರನ್ನು ಕೇಳಿಕೊಂಡು ಕೆಲವು ದಿನ ಮೊದಲೇ ನಿಲ್ಲಿಸಿರಬೇಕು, ಇಲ್ಲವಾದರೆ ದದ್ದು ಮುಚ್ಚಿಹೋಗುತ್ತದೆ. ಚರ್ಮದ ಪರೀಕ್ಷೆ ಕೂಡದವರಿಗೆ ರಕ್ತದ ಪರೀಕ್ಷೆಯುಂಟು. ದದ್ದು ಎದ್ದ ಮಾತ್ರಕ್ಕೆ ಕಾಯಿಲೆಯೆಂದೂ ಅಲ್ಲ. ಕೆಲವು ಮಕ್ಕಳ ಚರ್ಮ ನಾಯಿಯ ಸಾರಕ್ಕೆ ಕೆಂಪಾದರೂ ನಾಯಿಯೊಡನೆ ಅವರು ಸುಖವಾಗಿಯೇ ಆಡುತ್ತಾರೆ. ತಾಯಿ ನೆನಪಿಟ್ಟುಕೊಂಡು ಹೇಳುವ ವಿವರಗಳಿಗೆ, ಅಂದರೆ ಎಲ್ಲಿ ಸೀನು ಬಂದಿತು, ಯಾವ ತಿಂಗಳಲ್ಲಿ, ಬೆಳಗ್ಗೆಯೋ ರಾತ್ರಿಯೋ, ಹಾಸಿಗೆ ಕೊಡವಿದಾಗಲೋ ನಾಯಿಯನ್ನು ಮುದ್ದಿಸಿದಾಗಲೋ ಎಂಬುವಕ್ಕೆ, ಆ ದದ್ದು ಹೊಂದಿಕೆಯಾದರೆ ಮಾತ್ರ ತೀರ್ಪು. ಈ ಲೆಕ್ಕವನ್ನು ತಾಯಂದಿರು ಒಂದು ಹಳೆಯ ನೋಟುಬುಕ್ಕಿನಲ್ಲಿ ಎರಡು ತಿಂಗಳು ಬರೆದಿಟ್ಟರೆ ವೈದ್ಯರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ತೀರ್ಪು ನಾಯಿಯ ವಿರುದ್ಧ ಬಂದಿತೆನ್ನೋಣ. ಆಸ್ತಮಾ ಹತೋಟಿಗೆ ಬಾರದ, ರಾತ್ರಿ ಎದ್ದು ಕುಳಿತು ಉಸಿರಾಡುವ ಮಗು ಇರುವ ಮನೆಗೆ ನಾಯಿ ಕೂಡದು. ಇಲ್ಲಿ ರಿಯಾಯಿತಿಗೆ ಎಡೆಯಿಲ್ಲ, ಮಗು ಎಷ್ಟು ಅತ್ತರೂ ಸರಿ. ತೊಂದರೆ ಬರಿಯ ಸೀನು, ಕಣ್ಣುರಿಗಳಿಗೆ ಸೀಮಿತವಾಗಿ, ವೈದ್ಯರೂ ಒಪ್ಪಿದಲ್ಲಿ ಮಾತ್ರ ಮುಂದಿನ ಯೋಚನೆ.

ಆಗ ನೆನಪಿಗೆ ಬರುವುದು ಹಿಂದಿನವರ ಹೊಸ್ತಿಲು. ಅವರು ನಾಯಿಯನ್ನು ಹೊರಗಿಟ್ಟದ್ದು ಮಡಿಯ ಕಾರಣಕ್ಕೆ, ಪ್ರೋಟೀನಿನ ಕಾರಣಕ್ಕಲ್ಲ. ಆದರೂ ಫಲದ ಮಟ್ಟಿಗೆ ಆ ಪದ್ಧತಿಯಲ್ಲಿ ಲಾಭವಿತ್ತು. ಮಲಗುವ ಕೋಣೆಗೆ ನಾಯಿಯನ್ನು ಎಂದೂ ಬಿಡಬಾರದೆಂಬುದೇ ಇಂದಿನ ವೈದ್ಯರೂ ಹೇಳುವ ಮೊದಲ ಮಾತು. ಪೂರ್ಣ ರಕ್ಷಣೆ ಅದರಿಂದಲೂ ದೊರೆಯದು. ನಾಯಿಯ ಕಣಗಳು ಸೀರೆಯ ಸೆರಗು, ಪಂಚೆಯ ಅಂಚು, ಶಾಲೆಯ ಚೀಲಗಳನ್ನು ಹತ್ತಿ ಒಳಗೆ ಬರುತ್ತವೆ. ನಾಯಿಯೇ ಇಲ್ಲದ ಮನೆಗಳ ದೂಳಿನಲ್ಲಿಯೂ, ಶಾಲೆಗಳ ಕೊಠಡಿಗಳಲ್ಲಿಯೂ ಅವು ಸಿಕ್ಕಿವೆ.

ಹೊನ್ನವಳ್ಳಿಯಂಥ ಕಡೆ ಇನ್ನೊಂದು ತೊಡಕಿದೆ. ನಗರದ ವೈದ್ಯರಿಗೆ ಅದು ಹೊಳೆಯಲಾರದು. ತುಮಕೂರು ಜಿಲ್ಲೆ ಚಿರತೆಗಳ ಜಿಲ್ಲೆ. ಚಿರತೆಗೆ ನಾಯಿಯೆಂದರೆ ಬಲು ಇಷ್ಟ. ಅಂಗಳದಲ್ಲಿ ಕಟ್ಟಿದ ನಾಯಿ ಬೆಳಗಾಗುವಷ್ಟರಲ್ಲಿ ಇಲ್ಲವಾಗುವುದು ಗುಡ್ಡದ ಸಮೀಪದ ತೋಟಗಳವರಿಗೆ ಹೊಸ ಸಂಗತಿಯಲ್ಲ. ಕಾವಲಿನವನಿಗೇ ಕಾವಲು ಬೇಕಾದ ಆ ರಾತ್ರಿಗಳಲ್ಲಿ ಮನೆಯವರು ಕನಿಕರದಿಂದ ನಾಯಿಯನ್ನು ನಡುಮನೆಗೆ ಸೇರಿಸಿಕೊಳ್ಳುತ್ತಾರೆ. ಮಗು ಮಲಗುವುದೂ ನಡುಮನೆಯಲ್ಲೇ! ಅಂಥ ಮನೆಯವರು ಕೊಟ್ಟಿಗೆಯ ಒಂದು ಮೂಲೆಗೆ ಗಟ್ಟಿಯಾದ ಕಂಬಿಬಾಗಿಲು ಹಾಕಿಸಿ ನಾಯಿಗೆ ಗೂಡು ಮಾಡಿಕೊಟ್ಟರೆ, ಒಂದು ಬಾಗಿಲಿನಿಂದ ಎರಡು ಜೀವಗಳಿಗೆ ನೆಮ್ಮದಿ.

ಸ್ನಾನದ ವಿಷಯ. ನಾಯಿಗೆ ಸ್ನಾನ ಮಾಡಿಸಿದರೆ ಮೈಮೇಲಿನ ಕಣಗಳು ಕಡಿಮೆಯಾಗುವುದು ನಿಜ. ಮೂರು ನಾಲ್ಕು ದಿನಗಳಲ್ಲಿ ಮತ್ತೆ ಮೊದಲಿನಂತೆಯೇ ಆಗುವುದೂ ನಿಜ. ವಾರಕ್ಕೆ ಎರಡು ಸಲವಾದರೂ ಮೀಯಿಸದಿದ್ದರೆ ಪ್ರಯೋಜನವಿಲ್ಲವೆಂದು ಅಳೆದು ನೋಡಿದವರು ಹೇಳಿದ್ದಾರೆ. ಮೀಯಿಸುವವರು ಯಾರೆಂಬುದನ್ನು ಮರಿ ತರುವ ಮೊದಲೇ ತೀರ್ಮಾನಿಸಿಕೊಳ್ಳುವುದು ಲೇಸು. ಅಲರ್ಜಿಯ ಮಗು ಆ ಕೆಲಸ ಮಾಡುವಂತಿಲ್ಲ, ತಂದೆಗೆ ಕಚೇರಿ. ಉಳಿದವರಾರೆಂದು ಗೃಹಿಣಿಯರಿಗೆ ವಿವರಿಸಬೇಕಾಗಿಲ್ಲ.

ನಾಯಿಯನ್ನು ತಂದ ಮೇಲೆ ‘ಒಂದು ವಾರ ಬೇರೆ ಕಡೆ ಬಿಟ್ಟು ನೋಡೋಣ’ ಎಂಬ ಉಪಾಯವೂ ಮೋಸದ್ದು. ಪ್ರಾಣಿ ಹೋದರೂ ಅದರ ಕಣಗಳು ಚಾಪೆ, ಸೋಫಾ, ಪರದೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ವಾರ ಕಳೆದರೂ ಕೆಮ್ಮು ನಿಲ್ಲಲಿಲ್ಲವಾದ್ದರಿಂದ ನಾಯಿ ನಿರಪರಾಧಿಯೆನ್ನುವುದೂ ತಪ್ಪು. ನಿಂತಿತೆಂದು ಅದನ್ನೇ ದೂರುವುದೂ ಅವಸರ. ಅಲರ್ಜಿಯ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ ಶರೀರಕ್ಕೆ ಕೊಟ್ಟು ವರ್ಷಾನುಗಟ್ಟಲೆ ನಡೆಸುವ ಚಿಕಿತ್ಸೆಯೊಂದಿದೆ. ದೂಳುನುಸಿ, ಪರಾಗಗಳಲ್ಲಿ ಅದು ಫಲಕಾರಿಯಾಗಿರುವಷ್ಟು ನಾಯಿಯ ವಿಷಯದಲ್ಲಿ ನಿಶ್ಚಿತವಾಗಿ ಫಲಿಸಿಲ್ಲ.

ಮಗುವಿನ ಪಕ್ಷವನ್ನು ಹೇಳಿದ್ದಾಯಿತು. ನಾಯಿಯ ಪಕ್ಷವನ್ನು ಹೇಳಲು ವಕೀಲರು ಕಡಿಮೆ. ಕನ್ನಡನಾಡಿನಲ್ಲಿ ಅದಕ್ಕೊಂದು ಶಾಸನವೇ ಇರುವುದು ಸಮಾಧಾನದ ಸಂಗತಿ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ಗಂಗರ ದೊರೆ ಬೂತುಗನು ಮೆಚ್ಚಿ ಬೇಕಾದುದನ್ನು ಕೇಳೆಂದನು. ಯುದ್ಧ ನಡೆದದ್ದು ಕ್ರಿ.ಶ. 949ರ ಸುಮಾರಿನಲ್ಲಿ, ಕೇಳಿದ್ದರೆ ಊರು ಸಿಗುತ್ತಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಹಂದಿಯೂ ಕಾಳಿಯೂ ಕೂಡಿಯೇ ಸತ್ತುವು. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಸ್ಥಳದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂದೂ ಬರೆಸಿದರು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸತಕ್ಕದ್ದು. ಅಲ್ಲಿರುವ ನಾಯಿಯಿಂದ ಸೀನು ಬಾರದು. ಸ್ವರ್ಗದ ಬಾಗಿಲಲ್ಲಿಯೂ ನಾಯಿಯನ್ನು ಕೈಬಿಡದ ಧರ್ಮರಾಯನ ಕಥೆ ತಾತಂದಿರ ಬಾಯಲ್ಲಿ ಹೇಗೂ ಇದೆ.

ಇಂಥ ನಾಡಿನಲ್ಲಿ, ಒಂದು ಹಬ್ಬಕ್ಕೆ ತಂದ ಮರಿಯನ್ನು ಮುಂದಿನ ಹಬ್ಬದೊಳಗೆ ಕೆರೆಯ ಏರಿಯ ಮೇಲೋ ಮಾರುಕಟ್ಟೆಯ ಹಿಂದೆಯೋ ಇಳಿಸಿ ಕಾರಿನ ಬಾಗಿಲು ಹಾಕಿಕೊಳ್ಳುವವರಿದ್ದಾರೆ. 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯಂತೆ ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ. ಮನೆಯೂಟಕ್ಕೆ ಒಗ್ಗಿದ ಮರಿ ಬೀದಿಯಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು, ಹಿಂದಿನ ಗಾಜಿನಿಂದ ಅದನ್ನು ನೋಡುತ್ತ ಬಂದ ಮಗು, ‘ನನ್ನ ಕೆಮ್ಮಿನಿಂದಲೇ ಅದನ್ನು ಬಿಟ್ಟರು’ ಎಂಬುದನ್ನು ಯಾರೂ ಹೇಳಿಕೊಡದೆ ಕಲಿಯುತ್ತದೆ. ಕೆಮ್ಮಿಗೆ ಔಷಧವುಂಟು.

ಕೊನೆಗೆ ಆ ನಾಲ್ಕು ಮರಿಗಳ ವಿಷಯದಲ್ಲಿ ಒಂದು ಮಾತು ಉಳಿದಿದೆ. ಹಳ್ಳಿಗಳಲ್ಲಿ ಮರಿ ಕೇಳಿಕೊಂಡು ಬರುವವರೆಲ್ಲ ಗಂಡು ಮರಿಗಳನ್ನೇ ಆರಿಸಿ ಒಯ್ಯುವರು. ಹೆಣ್ಣು ಮರಿಗಳು ಬುಟ್ಟಿಯಲ್ಲಿಯೇ ಉಳಿದು, ಅನಂತರ ಗೋಣಿಚೀಲದಲ್ಲಿ ಊರಾಚೆ ಸೇರುವುವು. ಆದರೆ ನಾಯಿಯ ಆ ಪ್ರೋಟೀನುಗಳಲ್ಲಿ ಐದನೆಯದು, ಕ್ಯಾನ್ ಎಫ್ 5 ಎಂಬುದು, ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವಂಥದು. ಹೆಣ್ಣುನಾಯಿಯಲ್ಲಿ ಅದು ಇಲ್ಲ. ನಾಯಿ ಒಗ್ಗದವರಲ್ಲಿ ನೂರಕ್ಕೆ ಸುಮಾರು 30 ಮಂದಿಯವರೆಗೆ ಈ ಒಂದಕ್ಕೆ ಮಾತ್ರ ಕೆರಳುವವರೆಂದು ಕಂಡುಬಂದಿದೆ. ಸಾಮಾನ್ಯ ಪರೀಕ್ಷೆಯಲ್ಲಿ ‘ನಾಯಿ’ ಎಂದಷ್ಟೇ ತಿಳಿಯುತ್ತದೆ. ಯಾವ ಪ್ರೋಟೀನು ಎಂಬುದನ್ನು ಬಿಡಿಸಿ ಹೇಳುವ ರಕ್ತಪರೀಕ್ಷೆ ದೊಡ್ಡ ನಗರಗಳ ಪ್ರಯೋಗಶಾಲೆಗಳಲ್ಲಿ ದೊರೆಯುತ್ತದೆ, ಕೇಳಬೇಕಾದವರು ಕೇಳಬೇಕು ಅಷ್ಟೆ. ಅದರಲ್ಲಿ ಐದನೆಯದೊಂದೇ ಕಾಣಿಸಿದ್ದಾದರೆ, ಯಾರಿಗೂ ಬೇಡವಾದ ಆ ಹೆಣ್ಣು ಮರಿಯನ್ನು ಮಗು ಕೆಲವು ದಿನ ಜಗಲಿಯ ಮೇಲೆ, ಔಷಧ ಹತ್ತಿರವಿಟ್ಟುಕೊಂಡು, ಆಡಿಸಿ ನೋಡಲು ವೈದ್ಯರು ಒಪ್ಪಿಯಾರು. ಮರಿಗೂ ತಾಯಿಯ ಬಳಿ ಎಂಟು ವಾರವಾದರೂ ಇರಬೇಕು. ಆಮೇಲೆ ರೇಬೀಸಿನ ಚುಚ್ಚುಮದ್ದು, ಜಂತಿನ ಔಷಧ ಎಲ್ಲವೂ ಆಗಬೇಕು. ರಕ್ತಪರೀಕ್ಷೆಯ ಚೀಟಿ ಬೆಂಗಳೂರಿನಿಂದ ಬರುವುದಕ್ಕೆ ಬೇಕಾದಷ್ಟು ಅವಕಾಶ ಅಷ್ಟರಲ್ಲಿ ದೊರೆಯುತ್ತದೆ.